ಮುಂದೆ ಕೂತವರ ಬೆನ್ನು

ಕಪಿಲೆಯ ದಡದ ಒಂದು ಆಶ್ರಮದಲ್ಲಿ ಸಿದ್ಧಮಲ್ಲರೆಂಬ ಗುರುಗಳಿದ್ದರು. ಅವರ ಬಳಿ ಕಪನಯ್ಯನೆಂಬ ಶಿಷ್ಯನಿದ್ದ.

ಓದಿನಲ್ಲಿ ಕಪನಯ್ಯ ಎಲ್ಲರಿಗಿಂತ ಮುಂದು. ಒಮ್ಮೆ ಕೇಳಿದ್ದನ್ನು ಮರೆಯುವವನಲ್ಲ. ಆದರೆ ನಾಲ್ಕು ಜನರೆದುರು ಎದ್ದು ನಿಂತನೆಂದರೆ ನಾಲಗೆ ಒಣಗಿ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು.

ಭಾದ್ರಪದದ ಒಂದು ಬೆಳಿಗ್ಗೆ ಗುರುಗಳು ಅವನನ್ನು ಕರೆದರು.

"ಮಹಾಲಯ ಅಮಾವಾಸ್ಯೆ ಹತ್ತಿರ ಬಂತು. ಈ ಸಲ ಮಾತಾಡುವವನು ನೀನು."



ಆ ಸೀಮೆಯ ವಾಡಿಕೆಯೇ ಹಾಗೆ. ಹಿರಿಯರ ಹಬ್ಬದ ದಿನ ಇಳಿಹೊತ್ತಿಗೆ ಜನ ತಮ್ಮ ತಮ್ಮ ಮನೆಯಲ್ಲಿ ತೀರಿಹೋದವರಿಗೆ ಇಷ್ಟವಾದ ಅಡುಗೆ ಮಾಡಿಕೊಂಡು ಹೊಳೆದಂಡೆಗೆ ಬರುವರು. ಆಶ್ರಮದವರೊಬ್ಬರು ಎದ್ದು ಸತ್ತವರನ್ನು ನೆನೆದು ಮಾತಾಡುವರು. ಆ ಮಾತು ಮುಗಿದ ಮೇಲೆಯೇ ಎಲೆ ಹಾಸಿ ಎಡೆ ಬಡಿಸುವುದು.

"ವರ್ಷವರ್ಷವೂ ನೀವೇ ಅಲ್ಲವೇ ಗುರುಗಳೇ ಮಾತಾಡುವುದು?"

"ಈ ವರ್ಷ ನನಗೆ ಏನೂ ತೋಚುತ್ತಿಲ್ಲ."

ಕಪನಯ್ಯನಿಗೆ ದಿಗಿಲಾಯಿತು. ಗುರುಗಳಿಗೇ ತೋಚದ ಮಾತು ತನ್ನ ಬಾಯಲ್ಲಿ ಹೇಗೆ ಬಂದೀತು?

ಯಾಕೆ ತೋಚುತ್ತಿಲ್ಲ ಎಂದು ಅವನು ಕೇಳಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು.

ಆಷಾಢದಲ್ಲಿ ಹೊಳೆ ತುಂಬಿ ಹರಿಯುವಾಗ ಸಂತೆಗೆ ಹೊರಟವರ ಹರಿಗೋಲು ನಡುನೀರಿನಲ್ಲಿ ಮಗುಚಿತ್ತು. ಎದುರು ದಡದ ಊರಿನ ಮನೆಮನೆಯಲ್ಲೂ ಸಾವು. ಕೆಲವರ ಹೆಣ ಸಿಕ್ಕಿತು, ಕೆಲವರದು ಸಿಗಲಿಲ್ಲ. ಹುಟ್ಟು ಹಾಕುತ್ತಿದ್ದ ಅಂಬಿಗ ಜವರಯ್ಯ ಮಾತ್ರ ಉಳಿದ. ಅವನ ಕೈಯಲ್ಲಿ, ಕೆಂಪಮ್ಮನೆಂಬುವಳು ಅಜ್ಜಿಯ ಜೊತೆ ಸಂತೆಗೆ ಕಳಿಸಿದ್ದ ಎಳೆಮಗು ಉಳಿಯಿತು. ಇಬ್ಬರೂ ಕೆಳಗಿನ ಮರಳದಿಬ್ಬದ ಮೇಲೆ ಸಿಕ್ಕಿದ್ದರು.

ಅಂದಿನಿಂದ ಜವರಯ್ಯನ ಜೊತೆ ಊರಲ್ಲಿ ಯಾರೂ ಮಾತಾಡುತ್ತಿರಲಿಲ್ಲ. "ಹೆಸರಿಗೆ ತಕ್ಕ ಜವರಾಯ" ಎಂದು ಅವನ ಬೆನ್ನ ಹಿಂದೆ ಉಗುಳುತ್ತಿದ್ದರು.

ಕಪನಯ್ಯನಿಗೆ ಊಟ ಸೇರಲಿಲ್ಲ. ಶ್ಲೋಕಗಳನ್ನು ಹುಡುಕಿದ. ಆತ್ಮ ಸಾಯುವುದಿಲ್ಲ, ದೇಹ ಹಳೆಯ ಬಟ್ಟೆ, ಎಂಬಂಥವನ್ನೆಲ್ಲ ಒಂದಕ್ಕೊಂದು ಪೋಣಿಸಿ ಬಾಯಿಪಾಠ ಮಾಡಿದ. ಗುರುಗಳ ಮುಂದೆ ನಿಂತು ಒಪ್ಪಿಸಿದ.

ಗುರುಗಳು ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಎದ್ದು ಹೋಗಿ ಬಾವಿಯಿಂದ ನೀರು ಸೇದತೊಡಗಿದರು.

"ಚೆನ್ನಾಗಿರಲಿಲ್ಲವೇ ಗುರುಗಳೇ?"

"ಚೆನ್ನಾಗಿತ್ತು. ಆದರೆ ನಾನು ಎದ್ದು ಹೋದದ್ದು ನಿನಗೆ ಗೊತ್ತಾದದ್ದು ಯಾವಾಗ?"

ಕಪನಯ್ಯ ತಲೆ ತಗ್ಗಿಸಿದ. ರಾಟೆಯ ಸದ್ದು ಕೇಳುವವರೆಗೂ ಅವನಿಗೆ ಗೊತ್ತಾಗಿರಲಿಲ್ಲ.

ಆಶ್ರಮದ ಅಡುಗೆಮನೆಯಲ್ಲಿ ಐತಪ್ಪನೆಂಬ ಮುದುಕನಿದ್ದ. ಕಡಲತೀರದವನು. ಹಡಗಿನಲ್ಲಿ ಅಡುಗೆ ಮಾಡುತ್ತ ದೇಶದೇಶ ಸುತ್ತಿ ಕೊನೆಗೆ ಇಲ್ಲಿ ಬಂದು ನಿಂತವನು. ಕಪನಯ್ಯ ಅನ್ನ ಬಿಟ್ಟು ಏಳುವುದನ್ನು ಅವನು ನೋಡುತ್ತಲೇ ಇದ್ದ.

"ಜನ ಎದ್ದು ಹೋಗಬಾರದು ಎಂದರೆ ಹೆದರಿಸಬೇಕು ಮಾರಾಯ. ಹೆದರಿದವನು ಏಳುವುದಿಲ್ಲ."

"ಯಾವುದನ್ನು ಹೇಳಿ ಹೆದರಿಸಲಿ?"

ಐತಪ್ಪ ಒಲೆಯ ಮುಂದೆ ಕೂತು ತಾನು ಕಂಡದ್ದನ್ನೂ ಕೇಳಿದ್ದನ್ನೂ ಹೇಳಿದ.

ಒಂದು ದೇಶದಲ್ಲಿ ಚಳಿಗಾಲದ ಹೊಸ್ತಿಲಲ್ಲಿ ಸತ್ತವರು ಊರೊಳಗೆ ಬರುತ್ತಾರಂತೆ. ಅವರಿಗೆ ಗುರುತು ಸಿಗಬಾರದೆಂದು ಜನ ದೆವ್ವದ ಮುಖ ಕಟ್ಟಿಕೊಂಡು ತಿರುಗುತ್ತಾರಂತೆ. ಗಡ್ಡೆ ಕೊರೆದು ಕಣ್ಣು ಬಾಯಿ ಮಾಡಿ ಒಳಗೆ ದೀಪ ಇಡುತ್ತಾರಂತೆ. ಇನ್ನೊಂದು ದೇಶದಲ್ಲಿ ಗೋರಿಯಿಂದ ಮನೆಯವರೆಗೂ ಚೆಂಡುಹೂವಿನ ಎಸಳು ಚೆಲ್ಲಿ ಸತ್ತವರಿಗೆ ದಾರಿ ತೋರಿಸುತ್ತಾರೆ, ಸಕ್ಕರೆಯಲ್ಲಿ ತಲೆಬುರುಡೆ ಮಾಡಿ ಮಕ್ಕಳ ಕೈಗೆ ಕೊಡುತ್ತಾರೆ. ಚೀನದವರು ಪ್ರೇತಗಳ ತಿಂಗಳಲ್ಲಿ ನಾಟಕ ಆಡಿಸಿದರೆ ಮುಂದಿನ ಸಾಲು ಪೂರಾ ಖಾಲಿ.

"ಯಾಕೆ ಖಾಲಿ?"

"ಖಾಲಿ ಅಂತ ನೀನು ಹೇಳುವುದು," ಎಂದು ಐತಪ್ಪ ಸೌದೆ ಮುಂದಕ್ಕೆ ತಳ್ಳಿದ.

ಕಪನಯ್ಯನ ಮೈ ಜುಮ್ಮೆಂದಿತು. ಇದು ಸರಿ, ಎಂದುಕೊಂಡ. ತನಗೆ ಆದದ್ದು ಕೇಳುವವರಿಗೂ ಆಗುತ್ತದೆ.

ಎಲ್ಲವನ್ನೂ ಸೇರಿಸಿದ. ಎಲ್ಲಿ ದನಿ ತಗ್ಗಿಸಬೇಕು, ಎಲ್ಲಿ ನಿಲ್ಲಿಸಬೇಕು, ಎಲ್ಲಿ ಒಮ್ಮೆಲೇ ಕೂಗಬೇಕು ಎಂದು ಅಭ್ಯಾಸ ಮಾಡಿದ. ಕೊನೆಗೆ ತನ್ನದೂ ಒಂದು ಸೇರಿಸಿದ: ನೀರುಪಾಲಾದವರು ಅಮಾವಾಸ್ಯೆಯ ದಿನ ಒದ್ದೆ ಕೈಯಲ್ಲಿ ಬಾಗಿಲು ತಟ್ಟುತ್ತಾರೆ ಎಂದು.

ಮತ್ತೆ ಗುರುಗಳ ಮುಂದೆ ನಿಂತ.

ಈ ಸಲ ಗುರುಗಳು ಎದ್ದು ಹೋಗಲಿಲ್ಲ. ಆದರೆ ಅವನು ಮಾತಾಡುತ್ತಿದ್ದಂತೆ ಎದ್ದು ಬಂದು ಅವನ ಹಿಂದೆ ಕುಳಿತರು. ಕಪನಯ್ಯ ತಡವರಿಸಿ ನಿಲ್ಲಿಸಿದ.

"ಅಲ್ಲೇಕೆ ಕುಳಿತಿರಿ ಗುರುಗಳೇ?"

"ಮುಂದಿನಿಂದ ನೀನು ಗಟ್ಟಿಗನಂತೆ ಕಾಣುತ್ತೀಯೆ. ಇಲ್ಲಿಂದ ನಿನ್ನ ಬೆನ್ನು ಕಾಣುತ್ತದೆ. ನಡುಗುತ್ತಿದೆ."

"ನಡುಗದ ಹಾಗೆ ಏನು ಮಾಡಲಿ?"

"ಇದನ್ನು ನೀನು ಯಾರಿಗೆ ಹೇಳುತ್ತೀಯೆ?"

"ಜನಕ್ಕೆ."

"ಜನ ಎನ್ನುವವರು ಯಾರ ಮನೆಯವರು?"

ಕಪನಯ್ಯ ಹೊಳೆಯಾಚೆಯ ಊರಿನ ಕಡೆ ನೋಡಿದ.

"ಊರಿಗೆ ಹೋಗು. ಮನೆಮನೆಗೂ ಹೋಗಿ ಎಡೆಗೆ ಏನು ಮಾಡುತ್ತೀರಿ ಎಂದು ಕೇಳು. ಹಬ್ಬದ ದಿನ ನಿನ್ನ ಮುಂದೆ ಕೂರುವವರ ಬೆನ್ನು ನೋಡಿಕೊಂಡು ಬಾ."

ನೀರಿಳಿದಿದ್ದ ಹೊಳೆಯನ್ನು ಕಪನಯ್ಯ ಕಾಲ್ನಡಿಗೆಯಲ್ಲೇ ದಾಟಿ ಊರಿಗೆ ಹೋದ. ಮೊದಲ ಮನೆಯ ಮುಂದೆ ಬಹಳ ಹೊತ್ತು ನಿಂತ. ಒಳಗಿಂದ ಒಬ್ಬ ಹೆಂಗಸೇ ಬಂದಳು.

"ಏನು ಮರಿಬುದ್ಧಿ, ಭಿಕ್ಷವಾ?"

"ಅಲ್ಲ ಅವ್ವ. ಎಡೆಗೆ ಏನು ಮಾಡ್ತೀರಿ ಅಂತ ಕೇಳೋಕೆ ಬಂದೆ."

"ನಮ್ಮತ್ತೆಗೆ ಹುರುಳಿಕಾಳು ಬಸ್ಸಾರು. ಬದುಕಿದ್ದಾಗ ನಾನು ಮಾಡಿದ್ದನ್ನ ಬಾಯಿಗೇ ಇಡ್ತಿರಲಿಲ್ಲ. ಈಗ ವರ್ಷವೂ ಅದನ್ನೇ ಬಡಿಸ್ತೀನಿ, ತಿನ್ನಲಿ!" ಎಂದು ನಕ್ಕಳು. ನಗುತ್ತ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಇನ್ನೊಂದು ಮನೆಯಲ್ಲಿ ಅಪ್ಪನಿಗೆ ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ. ಮತ್ತೊಂದರಲ್ಲಿ ಒಣಮೀನಿನ ಸಾರು. ಹರಿಗೋಲಿನಲ್ಲಿ ಹೋದ ಮಗನಿಗೆ ಸಂತೆಯ ಬೆಂಡು ಬತ್ತಾಸು. ಊರ ಯಜಮಾನ ಬೋರೇಗೌಡ ತನ್ನ ತಮ್ಮನಿಗೆ ಏನು ಇಡುವುದೆಂದು ಹೇಳಲಿಲ್ಲ. ತಮ್ಮನ ಹೆಸರು ಬಂದ ಕೂಡಲೇ ಎದ್ದು ಕೊಟ್ಟಿಗೆಗೆ ಹೋಗಿಬಿಟ್ಟ.

ದೇವೀರಮ್ಮನೆಂಬುವಳ ಮಗಳು ಮಾದೇವಿ ಸಿಗದೇ ಹೋದವರಲ್ಲಿ ಒಬ್ಬಳು. ಆ ಮನೆಯಲ್ಲಿ ಏನು ಮಾಡುತ್ತಾರೆ ಎಂದು ಕೇಳಿದಾಗ ನೆರೆಯವಳು ದನಿ ತಗ್ಗಿಸಿದಳು.

"ಅವಳು ಎಡೆ ಇಡಲ್ಲ ಬುದ್ಧಿ. ಎಡೆ ಇಟ್ಟರೆ ಸತ್ತಳು ಅಂತ ನಾನೇ ಒಪ್ಪಿದ ಹಾಗೆ ಅಂತಾಳೆ."

ಕಪನಯ್ಯ ಆ ಮನೆಗೆ ಆಮೇಲೆ ಹೋದರಾಯಿತು ಎಂದುಕೊಂಡ. ಊರಾಚೆಗಿದ್ದ ಜವರಯ್ಯನ ಗುಡಿಸಿಲನ್ನು ದೂರದಿಂದಲೇ ಕಂಡು ಹಿಂದಿರುಗಿದ. ಮುಳುಗಿದವರು ಅಲ್ಲಿ ಸುಳಿದಾಡುತ್ತಾರೆಂದು ದಾರಿಯಲ್ಲಿ ಮಕ್ಕಳು ಹೇಳಿದ್ದರು.

"ಎಲ್ಲ ಮನೆಗೂ ಹೋದೆಯಾ?" ಗುರುಗಳು ಕೇಳಿದರು.

"ಹೋದೆ... ಎರಡನ್ನು ಬಿಟ್ಟು."

"ಹಾಗಾದರೆ ಊರಿಗೆ ಇನ್ನೂ ಹೋಗಿಲ್ಲ."

ಮರುದಿನ ಕಪನಯ್ಯ ಜವರಯ್ಯನ ಗುಡಿಸಿಲಿಗೆ ಹೋದ. ಹೊರಗೆ ಹರಿಗೋಲು ಬೋರಲು ಬಿದ್ದಿತ್ತು. ಅದರ ನೆರಳಲ್ಲಿ ಜವರಯ್ಯ ಕೂತಿದ್ದ. ಮಾತಾಡಿ ಬಹಳ ದಿನವಾದವನ ದನಿ ಅವನದು.

"ನೀವು ಎಡೆಗೆ ಏನು ಮಾಡ್ತೀರಿ?" ಕಪನಯ್ಯ ಕೇಳಿದ.

"ನಾನು ಯಾರಿಗೆ ಅಂತ ಇಡಲಿ ಬುದ್ಧಿ? ಹೋದವರೆಲ್ಲ ನನ್ನ ಹರಿಗೋಲಲ್ಲೇ ಹೋದ್ರು. ತುಂಬಿತು ಅಂದ ಮೇಲೂ ಹತ್ತಿಸ್ಕೊಂಡೆ. ಸಂತೆಗೆ ಹೊತ್ತಾಗುತ್ತೆ ಅಂತ ಕೇಳಿಕೊಂಡ್ರು, ಹತ್ತಿಸ್ಕೊಂಡೆ."

ಕಪನಯ್ಯ ಹರಿಗೋಲಿನ ನೆರಳಿಗೆ ಸರಿದು ಅವನ ಪಕ್ಕ ಕೂತ. ಜವರಯ್ಯನೇ ಮಾತು ಮುಂದುವರಿಸಿದ.

"ದೇವೀರಮ್ಮನ ಮಗಳು ಮಾದೇವಿ ಮುಳುಗೋ ಮುಂಚೆ ಒಂದು ಮಾತು ಅಂದಳು. ಅದು ನನ್ನ ಹತ್ರ ಇದೆ. ನನ್ನ ಕೈಲಿ ಹೊರೋಕಾಗ್ತಿಲ್ಲ."

"ಅವರಿಗೆ ಹೇಳಿಬಿಡಿ."

"ಕೇಳಿದ್ರೆ ಹೇಳ್ತೀನಿ. ಕೇಳದೇ ಹೋಗಿ ಹೇಳಿದ್ರೆ, ಇವನು ತಪ್ಪಿಸ್ಕೊಳ್ಳೋಕೆ ಕತೆ ಕಟ್ಟಿದ ಅಂತಾರೆ."

ಅದೇನು ಮಾತೆಂದು ಕೇಳಲು ಕಪನಯ್ಯನಿಗೆ ಧೈರ್ಯ ಬರಲಿಲ್ಲ. ಅಲ್ಲಿಂದ ನೇರ ದೇವೀರಮ್ಮನ ಮನೆಗೆ ನಡೆದ. ಬಾಗಿಲು ಹಾರುಹೊಡೆದಿತ್ತು. ಅವಳು ಒಳಗೆ ಬಾಗಿಲಿಗೆ ಬೆನ್ನು ಮಾಡಿ ಕೂತು ಅಕ್ಕಿ ಆರಿಸುತ್ತಿದ್ದಳು. ಸಣ್ಣ ಬೆನ್ನು. ಬೆನ್ನಮೂಳೆ ರವಿಕೆಯ ಮೇಲೆ ಎದ್ದು ಕಾಣುತ್ತಿತ್ತು.

ಕಪನಯ್ಯನ ನಾಲಗೆ ಅಂಗುಳಿಗೆ ಅಂಟಿತು. ಆ ಮಾತು ಘೋರವಾದದ್ದಾಗಿದ್ದರೆ? ಅವಳು ಅದನ್ನು ಕೇಳಿ ಕುಸಿದರೆ?

ಅವನ ನೆರಳು ಹೊಸ್ತಿಲ ಮೇಲೆ ಬಿತ್ತು. ದೇವೀರಮ್ಮ ತಿರುಗಿ ನೋಡುವ ಮೊದಲೇ ಕೇಳಿದಳು:

"ಯಾರು? ಮಾದೇವಿಯಾ?"

ಕಪನಯ್ಯ ಅಲ್ಲಿ ನಿಲ್ಲಲಿಲ್ಲ. ಓಡುವವನ ಹಾಗೆ ನಡೆದು ಹೊಳೆ ಸೇರಿದ.

ಅಂದು ಗುರುಗಳ ಕಣ್ಣಿಗೆ ಬೀಳದೆ ಹಾಸಿಗೆ ಸೇರಿದ.

ಅಮಾವಾಸ್ಯೆ ಬಂತು. ಇಳಿಹೊತ್ತಿಗೆ ದಂಡೆಯ ಕಲ್ಲುಗಳ ಮೇಲೆಲ್ಲ ಜನ. ಬುಟ್ಟಿ, ತಪ್ಪಲೆ, ಬಾಳೆಲೆಯ ಕಟ್ಟು. ಮುಂದೆ ಯಜಮಾನ ಬೋರೇಗೌಡ ಕೂತಿದ್ದ. ನಡುವೆ ಕೆಂಪಮ್ಮ, ಮಡಿಲಲ್ಲಿ ಅವಳ ಮಗು. ಎಲ್ಲರಿಗಿಂತ ಹಿಂದೆ, ದೂರದಲ್ಲಿ, ಜವರಯ್ಯ ಒಂದು ಬಂಡೆಗೆ ಒರಗಿ ನಿಂತಿದ್ದ.

ಕಪನಯ್ಯ ಎದ್ದು ನಿಂತ. ಮೊದಲ ಮಾತು ಯಾವುದೆಂದು ಮರೆತೇ ಹೋಯಿತು. ನೆನಪಾದದ್ದು ಐತಪ್ಪ ಹೇಳಿದ ಕತೆಗಳು ಮಾತ್ರ. ಮುಳುಗುವವನು ಕೈಗೆ ಸಿಕ್ಕಿದ್ದನ್ನು ಹಿಡಿಯುವಂತೆ ಅವನ್ನು ಹಿಡಿದುಕೊಂಡ.

ಜನ ಕೇಳತೊಡಗಿದರು. ಗಡ್ಡೆಯ ಮುಖದೊಳಗೆ ದೀಪ ಉರಿದಾಗ ಮಕ್ಕಳು ತಾಯಂದಿರಿಗೆ ಆತುಕೊಂಡವು. ಸಕ್ಕರೆಯ ಬುರುಡೆಗೆ ಯಾರೋ ನಕ್ಕರು. ನಾಟಕದ ಖಾಲಿ ಸಾಲು ಬಂದಾಗ ಮುಂದೆ ಕೂತವರು ಮೆಲ್ಲಗೆ ಪಕ್ಕಕ್ಕೆ ನೋಡಿಕೊಂಡರು.

ಇಷ್ಟು ಜನ ತನ್ನ ದನಿಗೆ ಕಟ್ಟುಬಿದ್ದಿದ್ದಾರೆ! ಕಪನಯ್ಯನಿಗೆ ಅಮಲು ನೆತ್ತಿಗೇರಿದ ಹಾಗಾಯಿತು. ಕೊನೆಯ ತುಣುಕನ್ನು ಹೇಳಬಾರದೆಂದು ಅವನು ನಿಶ್ಚಯಿಸಿದ್ದ. ಆದರೆ ಓಡುತ್ತಿದ್ದ ಬಾಯಿ ನಿಲ್ಲಲಿಲ್ಲ.

"...ನೀರುಪಾಲಾದವರು ಈ ದಿನ ಬರುತ್ತಾರೆ. ಒದ್ದೆ ಕೈಯಲ್ಲಿ ಬಾಗಿಲು ತಟ್ಟುತ್ತಾರೆ."

"ಮಾದೇವಿಯೂ ಬರ್ತಾಳಾ ಬುದ್ಧಿ?"

ದನಿ ಬಂದ ಕಡೆ ಎಲ್ಲರೂ ತಿರುಗಿದರು. ದೇವೀರಮ್ಮ ಯಾವಾಗ ಬಂದಿದ್ದಳೋ, ಬರಿಗೈಯಲ್ಲಿ ನಿಂತಿದ್ದಳು.

"ಆಷಾಢದಿಂದ ನಾನು ಬಾಗಿಲು ಹಾಕಿಲ್ಲ. ತಟ್ಟೋದೇನೂ ಬೇಡ. ಬರ್ತಾಳಾ, ಅಷ್ಟು ಹೇಳಿ."

ಹೊಳೆ ಹರಿಯುವ ಸದ್ದು ಕಿವಿ ತುಂಬಿತು. ಕಪನಯ್ಯ ಗುರುಗಳ ಕಡೆ ನೋಡಿದ. ಗುರುಗಳು ಕಣ್ಣು ಮುಚ್ಚಿಕೊಂಡಿದ್ದರು.

"ನನಗೆ ಗೊತ್ತಿಲ್ಲ ಅವ್ವ," ಎಂದ ಕೊನೆಗೆ.

"ಗೊತ್ತಿಲ್ಲದ ಮೇಲೆ ಯಾಕೆ ಹೇಳಿದೆ?"

ಜನರಲ್ಲಿ ಗುಸುಗುಸು ಎದ್ದಿತು. ಗುರುಗಳು ಕಪನಯ್ಯನ ಬೆನ್ನಲ್ಲಿ ಕಂಡಿದ್ದ ನಡುಕ ಮುಂದಕ್ಕೂ ಬಂತು. ಈಗ ಅದು ಹಿಂದೆ ಕೂತವರಿಗೂ ಕಾಣುತ್ತಿತ್ತು.

"ಹೆದರಿಕೆಗೆ ಹೇಳಿದೆ. ನೀವೆಲ್ಲ ಎದ್ದು ಹೋಗಿಬಿಡ್ತೀರಿ ಅಂತ ಹೆದರಿ ಹೇಳಿದೆ." ದೇವೀರಮ್ಮನ ಕಡೆ ತಿರುಗಿದ. "ಮೊನ್ನೆ ನಿಮ್ಮ ಬಾಗಿಲಿಗೆ ಬಂದವನು ನಾನು. ಒಂದು ಸಂಗತಿ ಹೇಳಬೇಕಿತ್ತು. ಹೇಳಲಾರದೆ ಓಡಿಬಂದೆ."

"ಏನದು?"

"ಮಾದೇವಿ ಕೊನೇಲಿ ಆಡಿದ ಮಾತೊಂದು ಜವರಯ್ಯನ ಹತ್ರ ಇದೆಯಂತೆ. ನೀವು ಕೇಳಿದರೆ ಹೇಳ್ತಾನಂತೆ. ಎಂಥ ಮಾತೋ ನನಗೆ ತಿಳೀದು. ಕೇಳಿ ಅಂತಲೂ ಹೇಳಲಾರೆ, ಬೇಡ ಅಂತಲೂ ಹೇಳಲಾರೆ."

ಬೋರೇಗೌಡ ಎದ್ದು ನಿಂತ. "ಸಾಕು, ಕೂತ್ಕೊ ಮರಿಬುದ್ಧಿ! ನಮ್ಮವರ ಹೆಣ ತೆಗೆದ ಈ ದಂಡೇಲಿ ಅವನ ಹೆಸರು ಎತ್ತಬೇಡ!"

ಕೆಲವರು ಕೂಗಿದರು. ಒಬ್ಬನು ಕಲ್ಲಿಗೆ ಬಗ್ಗಿದ. ಕೂತುಬಿಡೋಣ ಎಂದು ಕಪನಯ್ಯನ ಮೈಯೆಲ್ಲ ಹೇಳಿತು.

ಅವನು ಕೂರಲಿಲ್ಲ. "ಅದು ಅವ್ವನಿಗೆ ಬಿಟ್ಟದ್ದು ಗೌಡರೇ," ಎಂದ. ದನಿ ಒಡೆದಿತ್ತು.

ದೇವೀರಮ್ಮ ಆಗಲೇ ಜನರ ನಡುವೆ ದಾರಿ ಮಾಡಿಕೊಂಡು ಬಂಡೆಯ ಕಡೆ ಹೊರಟಿದ್ದಳು. ಕಲ್ಲು ಹಿಡಿದವನು ಕೈ ಇಳಿಸಿದ. ಅವಳು ಜವರಯ್ಯನ ಎದುರು ನಿಂತಳು.

"ಹೆದರಿಕೊಂಡಿದ್ದಳಾ?"

ಜವರಯ್ಯ ಬಂಡೆ ಬಿಟ್ಟು ನೆಟ್ಟಗೆ ನಿಂತ.

"ಸುಳ್ಳು ಹೇಳಲ್ಲ ಅವ್ವ. ಬಹಳ ಹೆದರಿದ್ದಳು. ಹಲ್ಲು ಕಟಕಟ ಅಂತಿತ್ತು. ಹರಿಗೋಲಿನ ಅಂಚು ಒಂದು ಕೈಲಿ ಹಿಡಿದಿದ್ದಳು. ಪಕ್ಕದಲ್ಲಿ ಕೆಂಪಮ್ಮನ ಮಗು ನೀರು ಕುಡೀತಿತ್ತು. ಅಂಚು ಬಿಟ್ಟಳು. ಮಗೂನ ಎರಡೂ ಕೈಲಿ ಎತ್ತಿ ನನ್ನ ಕಡೆ ನೀಡಿದಳು. 'ಹಿಡ್ಕೊ ಮಾವ' ಅಂದಳು. ಹಿಡ್ಕೊಂಡೆ. ತಿರುಗಿ ನೋಡಿದಾಗ ಅವಳಿರಲಿಲ್ಲ."



ತನ್ನ ಮಗುವನ್ನು ಹೊಳೆಯ ಗಂಗಮ್ಮನೇ ಉಳಿಸಿಕೊಟ್ಟಳೆಂದು ಕೆಂಪಮ್ಮ ಅಂದಿನಿಂದ ಎಲ್ಲರಿಗೂ ಹೇಳುತ್ತಿದ್ದಳು. ಈಗ ಮಗುವನ್ನೆತ್ತಿಕೊಂಡು ಎದ್ದು ಬಂದಳು. ಮಗುವನ್ನು ದೇವೀರಮ್ಮನ ಮುಂದೆ ಹಿಡಿದಳು.

"ಎಲ್ಲಿ ಹಿಡಿದು ಎತ್ತಿದ್ದಳು?" ದೇವೀರಮ್ಮ ಜವರಯ್ಯನನ್ನು ಕೇಳಿದಳು.

"ಕಂಕುಳಡಿ."

ದೇವೀರಮ್ಮ ತನ್ನ ಎರಡು ಕೈಗಳನ್ನು ಮಗುವಿನ ಕಂಕುಳಡಿ ಇಟ್ಟಳು. ಎತ್ತಲಿಲ್ಲ. ಹಾಗೇ ಹಿಡಿದುಕೊಂಡು ನಿಂತಳು. ಮಗು ಅವಳ ಮೂಗುತಿಗೆ ಕೈಹಾಕಿತು. ಆಗ ಅವಳು ಅತ್ತಳು. ಆಷಾಢದಿಂದ ಅವಳು ಅತ್ತದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ.

ಬೋರೇಗೌಡ ತನ್ನ ಬುಟ್ಟಿ ಎತ್ತಿಕೊಂಡ. ಅವನ ಕಡೆಯವರೂ ಎದ್ದರು. ಹೊಳೆಯ ಮೇಲ್ಗಡೆ, ಜನ ದಾಟುವ ಕಡವಿಗೆ ಹೋಗಿ ಬೇರೆಯಾಗಿ ಎಡೆ ಇಟ್ಟರು. ಅವರನ್ನು ಯಾರೂ ತಡೆಯಲಿಲ್ಲ.

"ನಾನು ಏನೂ ಮಾಡ್ಕೊಂಡು ಬಂದಿಲ್ಲವಲ್ಲ," ಎಂದಳು ದೇವೀರಮ್ಮ, ಕಣ್ಣೊರೆಸಿಕೊಂಡು.

ಕೆಂಪಮ್ಮ ತನ್ನ ಬಾಳೆಲೆಯನ್ನು ನಡುವೆ ಸೀಳಿ ಅರ್ಧ ಅವಳಿಗೆ ಕೊಟ್ಟಳು. ಬಸ್ಸಾರಿನವಳು ಒಂದು ಸೌಟು ಬಡಿಸಿದಳು. ಯಾರೋ ಬತ್ತಾಸು ಇಟ್ಟರು.

ಜವರಯ್ಯ ಹೊರಡಲು ತಿರುಗಿದ.

"ನಿನ್ನನ್ನ ಮನ್ನಿಸಿದೆ ಅಂತ ತಿಳ್ಕೋಬೇಡ," ಎಂದಳು ದೇವೀರಮ್ಮ.

"ಇಲ್ಲ ಅವ್ವ."

"ಹೋಗಬೇಡ. ಕೂತ್ಕೊ. ನಾನು ಕೇಳೋದು ಇನ್ನೂ ಇದೆ."

ಜನ ಚದುರಿದ ಮೇಲೆ ಗುರುಗಳೂ ಶಿಷ್ಯನೂ ಆಶ್ರಮದ ಕಡೆ ನಡೆದರು. ಸ್ವಲ್ಪ ದೂರ ಹೋದ ಮೇಲೆ ಕಪನಯ್ಯ ತಡೆಯಲಾರದೆ ಹೇಳಿದ:

"ಗುರುಗಳೇ, ಭಾಷಣ ಕೆಟ್ಟುಹೋಯಿತು. ಆ ತಾಯಿಯನ್ನು ನೋಯಿಸಿದೆ. ಗೌಡರು ಎದ್ದು ಹೋದರು."

"ಹೌದು."

"ಇನ್ನು ಮೇಲೆ ನೀವೇ ಮಾತಾಡಿ."

"ಬರುವ ವರ್ಷವೂ ನೀನೇ."

ಕಪನಯ್ಯ ದಾರಿಯಲ್ಲೇ ನಿಂತುಬಿಟ್ಟ. "ನನ್ನ ಹೆದರಿಕೆ ಒಂದಿಷ್ಟೂ ಹೋಗಿಲ್ಲ ಗುರುಗಳೇ. ಜನರ ಮುಂದೆ ನಿಲ್ಲುವುದೆಂದರೆ ಇವತ್ತು ಮೊದಲಿಗಿಂತ ಹೆಚ್ಚು ಹೆದರಿಕೆಯಾಗುತ್ತಿದೆ."

ಗುರುಗಳು ಹಿಂದಿರುಗಿ ಅವನ ನಡುಗುವ ಕೈಯನ್ನು ನೋಡಿದರು.

"ಆ ಹೆದರಿಕೆ ಹೋದ ದಿನ ಬಂದು ಹೇಳು. ಅವತ್ತು ಬೇರೆ ಯಾರನ್ನಾದರೂ ನಿಲ್ಲಿಸುತ್ತೇನೆ."